ಗುಡಿಯನ್ನು ಓಟದ ನಡುವೆ ಇಡಿ: ಗದಗ, ಧಾರವಾಡ, ಹಾವೇರಿ ಸೀಮೆಯಲ್ಲಿ ಓಡುವ ದಾರಿ ಮಾಡಿಕೊಳ್ಳುವ ಬಗೆ

ನಮ್ಮ ಕಡೆ ಬೆಳಿಗ್ಗೆ ಓಡುವವರನ್ನು ಎಲ್ಲಿ ಓಡ್ತೀರಿ ಅಂತ ಕೇಳಿ ನೋಡಿ. ಹುಬ್ಬಳ್ಳಿಯವರು ಉಣಕಲ್ ಕೆರೆ ಅನ್ನುತ್ತಾರೆ. ಧಾರವಾಡದವರು ಯುನಿವರ್ಸಿಟಿ ಅನ್ನುತ್ತಾರೆ. ಗದಗಿನವರು ಯಾವುದಾದರೂ ಮೈದಾನದ ಹೆಸರು ಹೇಳುತ್ತಾರೆ. ನಾನೂ ಹಲವು ವರ್ಷ ಹಾಗೇ ಸುತ್ತಿದವನು. ಆಮೇಲೆ ಒಂದು ಚಳಿಗಾಲ ಲಕ್ಕುಂಡಿಯ ಹೊಲಗಳಲ್ಲಿ ಓಡಿದೆ. ಕಡಲೆ ಗಿಡದ ಮೇಲೆ ಇಬ್ಬನಿ ಇತ್ತು. ಮುಂದೆ ಗುಡಿಯ ಶಿಖರ ಕಾಣುತ್ತಿತ್ತು. ಅವತ್ತಿನಿಂದ ವಾರಕ್ಕೊಮ್ಮೆಯಾದರೂ ಊರು ಬಿಟ್ಟು ಹೊರಗೆ ಓಡದಿದ್ದರೆ ನನಗೆ ಸಮಾಧಾನವಿಲ್ಲ.

ಇಲ್ಲಿ ಬೆಟ್ಟದ ತುದಿ, ಜಲಪಾತ ಅಂತ ಹೇಳಿಕೊಳ್ಳುವ ನೋಟ ಕಡಿಮೆ. ಬಯಲು ಜಾಸ್ತಿ. ಆದರೆ ಈ ಬಯಲಿನಲ್ಲಿ ಕಲ್ಯಾಣದ ಚಾಲುಕ್ಯರ ಕಾಲದ ಗುಡಿಗಳು ಎಷ್ಟಿವೆ ಅಂದರೆ, ಯಾವ ದಿಕ್ಕಿಗೆ ಹೊರಟರೂ ಒಂದು ಹಳೆಯ ಗುಡಿಯೋ ಬಾವಿಯೋ ಶಾಸನವೋ ಸಿಗುತ್ತದೆ. ಅವನ್ನು ಓಟಕ್ಕೆ ಹೇಗೆ ಸೇರಿಸಿಕೊಳ್ಳಬೇಕು ಅನ್ನುವುದೇ ಇಲ್ಲಿನ ವಿಷಯ. ತಯಾರಾದ ದಾರಿ ಹುಡುಕಬೇಡಿ. ನಿಮ್ಮ ದಾರಿ ನೀವೇ ಮಾಡಿಕೊಳ್ಳಿ.

ಮೊದಲು ಗುಡಿ, ಆಮೇಲೆ ದಾರಿ

ಬಹಳ ಜನ ಹತ್ತು ಕಿಲೋಮೀಟರ್ ಓಡಬೇಕು ಅಂತ ಮೊದಲು ಲೆಕ್ಕ ಹಾಕುತ್ತಾರೆ, ಆಮೇಲೆ ರಸ್ತೆ ಹುಡುಕುತ್ತಾರೆ. ಹಳ್ಳಿ ಓಟಕ್ಕೆ ಇದು ತಿರುಗುಮುರುಗು ಆಗಬೇಕು. ಮೊದಲು ನೋಡಬೇಕಾದ ಜಾಗ ಆರಿಸಿ. ಅದನ್ನು ಓಟದ ಸರಿಯಾಗಿ ಅರ್ಧಕ್ಕೆ ಇಡಿ.

ಯಾಕೆ ಅರ್ಧಕ್ಕೆ? ಶುರುವಿನಲ್ಲಿ ಮೈ ಬಿಗಿಯಾಗಿರುತ್ತದೆ, ಗಮನವೆಲ್ಲ ಉಸಿರಿನ ಮೇಲೆ. ಕೊನೆಗೆ ಬಾಯಾರಿರುತ್ತದೆ, ಮನೆ ನೆನಪಾಗಿರುತ್ತದೆ. ಆಗ ಎಂಥ ಕೆತ್ತನೆ ಇದ್ದರೂ ಕಣ್ಣಿಗೆ ಹತ್ತುವುದಿಲ್ಲ. ನಾಲ್ಕೈದು ಕಿಲೋಮೀಟರ್ ಓಡಿ ಬೆವರು ಬಂದ ಮೇಲೆ ಮನಸ್ಸು ತಿಳಿಯಾಗಿರುತ್ತದೆ. ಆ ಹೊತ್ತಿನಲ್ಲಿ ಒಂದು ಕಲ್ಲಿನ ಬಾಗಿಲ ಮುಂದೆ ಹತ್ತು ನಿಮಿಷ ನಿಂತು ನೋಡಿ. ಬಸ್ಸಿನಲ್ಲಿ ಬಂದು ನೋಡಿದ್ದಕ್ಕೂ ಇದಕ್ಕೂ ಎಷ್ಟು ವ್ಯತ್ಯಾಸ ಅಂತ ಗೊತ್ತಾಗುತ್ತದೆ. ಇನ್ನೊಂದು ಲಾಭ: ಹೋದಷ್ಟೇ ದೂರ ತಿರುಗಿ ಬರಬೇಕು ಅನ್ನುವ ಲೆಕ್ಕ ಸದಾ ತಲೆಯಲ್ಲಿರುತ್ತದೆ. ಹುರುಪಿನಲ್ಲಿ ಜಾಸ್ತಿ ದೂರ ಹೋಗಿ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಜಾಗ ಅಂದರೆ ಗುಡಿಯೇ ಆಗಬೇಕಿಲ್ಲ. ಗದಗ ತಾಲ್ಲೂಕಿನ ಕಣಗಿನಹಾಳ ನೋಡಿ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ನಮ್ಮ ದೇಶದ ಸಹಕಾರ ಚಳವಳಿಯ ಕತೆ ಶುರುವಾಗುವುದೇ ಈ ಸಣ್ಣ ಊರಿನಿಂದ. ಅಂಥ ಊರಿನ ಕಟ್ಟೆಯ ಮೇಲೆ ಕೂತು ನೀರು ಕುಡಿದು ತಿರುಗುವುದೂ ಒಳ್ಳೆಯ ಓಟವೇ.

ನಕ್ಷೆಯಲ್ಲಿ ಏನು ನೋಡಬೇಕು

ಮೊಬೈಲಿನಲ್ಲಿ ಗೂಗಲ್ ಮ್ಯಾಪ್ ತೆಗೆದು ಸ್ಯಾಟಲೈಟ್ ನೋಟಕ್ಕೆ ಹಾಕಿ. ಗುಡಿಯ ಊರು ಹುಡುಕಿ. ಆ ಊರಿನಿಂದ ಹೊಲಗಳಿಗೆ ಹೋಗುವ ತೆಳು ಗೆರೆಗಳು ಕಾಣುತ್ತವೆ. ಬಹುಪಾಲು ಅವು ಚಕ್ಕಡಿ ದಾರಿಗಳು. ಈಗ ಟ್ರ್ಯಾಕ್ಟರ್ ಓಡಾಡಿ ಎರಡು ಗಾಲಿ ಗುರುತು, ನಡುವೆ ಹುಲ್ಲು ಇರುತ್ತದೆ. ಓಡಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಡಾಂಬರಿಗಿಂತ ಮೊಣಕಾಲಿಗೆ ಹಿತ, ಲಾರಿ ಕಾಟ ಇಲ್ಲ.

ನಕ್ಷೆಯಲ್ಲಿ ಮೂರು ಸಂಗತಿ ಗುರುತು ಹಾಕಿಕೊಳ್ಳಿ. ಒಂದು, ಹಳ್ಳ ಎಲ್ಲಿ ದಾಟುತ್ತೀರಿ. ಎರಡು, ಹೆದ್ದಾರಿ ಅಥವಾ ರೈಲು ಹಳಿ ಎಲ್ಲಿ ಅಡ್ಡ ಬರುತ್ತದೆ. ಮೂರು, ನಡುವೆ ನೀರು ಸಿಗುವ ಊರು ಯಾವುದು. ಆಮೇಲೆ ಸ್ಟ್ರಾವಾ ಥರದ ಆ್ಯಪಿನಲ್ಲಿ ಗೆರೆ ಎಳೆದು ದೂರ ಅಳೆಯಿರಿ. ಆ ಭಾಗದ ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ. ಕಪ್ಪತಗುಡ್ಡದ ಬುಡದಲ್ಲಿ ನೆಟ್‌ವರ್ಕ್ ನಂಬಿ ಹೋಗಬೇಡಿ.

ಹಳ್ಳಿ ದಾರಿಯಲ್ಲಿ ವೇಗ ಕಡಿಮೆಯಾಗುತ್ತದೆ. ನನಗೆ ಕಿಲೋಮೀಟರಿಗೆ ಒಂದು ನಿಮಿಷವಾದರೂ ಜಾಸ್ತಿ ಹಿಡಿಯುತ್ತದೆ. ಗೇಟು, ದನ, ಮಾತು, ಫೋಟೋ ಎಲ್ಲ ಸೇರಿ. ಹಾಗಾಗಿ ದೂರಕ್ಕಿಂತ ಹೊತ್ತಿನ ಲೆಕ್ಕದಲ್ಲಿ ಯೋಚಿಸಿ: ಮುಕ್ಕಾಲು ಗಂಟೆ ಹೋಗುವುದು, ಇಪ್ಪತ್ತು ನಿಮಿಷ ಗುಡಿ, ಮುಕ್ಕಾಲು ಗಂಟೆ ಬರುವುದು.

ಓಡುವ ಮೊದಲು ಒಮ್ಮೆ ಹೋಗಿ ಬನ್ನಿ

ಇದನ್ನು ಯಾರೂ ಮಾಡುವುದಿಲ್ಲ, ನಾನೂ ಮಾಡಿರಲಿಲ್ಲ. ಒಂದು ಅಕ್ಟೋಬರಿನಲ್ಲಿ ನಕ್ಷೆಯನ್ನಷ್ಟೇ ನಂಬಿ ಹನ್ನೆರಡು ಕಿಲೋಮೀಟರಿನ ಸುತ್ತು ಹಾಕಿಕೊಂಡು ಹೊರಟೆ. ಎಂಟನೆಯ ಕಿಲೋಮೀಟರಿಗೆ ಹಳ್ಳ ಬಂತು. ನಕ್ಷೆಯಲ್ಲಿ ದಾರಿ ದಾಟಿ ಹೋಗಿತ್ತು, ನೆಲದ ಮೇಲೆ ಸೇತುವೆ ಇರಲಿಲ್ಲ. ಬೇಸಿಗೆಯಲ್ಲಿ ಚಕ್ಕಡಿ ಇಳಿದು ಹೋಗುವ ಜಾಗ ಅದು. ಹಿಂದಿನ ದಿನ ಮೇಲಿನ ಊರುಗಳಲ್ಲಿ ಮಳೆಯಾಗಿತ್ತು. ನೀರು ತೊಡೆ ಮಟ್ಟ ಬಂದಿತ್ತು, ಬಣ್ಣ ಕೆಂಪು, ಸೆಳವು ಜೋರು. ಆಚೆ ದಡದಲ್ಲಿದ್ದ ಹೆಣ್ಣುಮಗಳೊಬ್ಬಳು ಕೈ ಬೀಸಿ ಕೂಗಿದಳು: "ಇಳೀಬ್ಯಾಡ್ರೀ ಯಣ್ಣಾ, ಹೊಳ್ಳಿ ಹೋಗ್ರಿ!" ಹೊಳ್ಳಿ ಹೋದೆ. ನಾಲ್ಕು ಕಿಲೋಮೀಟರ್ ಉಳಿದಿತ್ತು, ಎಂಟು ಓಡಬೇಕಾಯಿತು. ನೀರಿನ ಬಾಟಲಿ ಖಾಲಿ, ಬಿಸಿಲು ನೆತ್ತಿಗೆ ಬಂದಿತ್ತು.

ಅದಕ್ಕೇ ಹೇಳುತ್ತೇನೆ, ಹೊಸ ದಾರಿಯನ್ನು ಮೊದಲು ಹಗಲಲ್ಲಿ ಬೈಕಿನಲ್ಲೋ ಸೈಕಲ್ಲಿನಲ್ಲೋ ನೋಡಿ ಬನ್ನಿ. ಬೈಕ್ ಹೋಗದ ತುಂಡನ್ನು ನಡೆದು ನೋಡಿ. ಹೊಲದಲ್ಲಿ ಕೆಲಸ ಮಾಡುವವರನ್ನು ಕೇಳಿ: "ಯಕ್ಕಾ, ಈ ದಾರಿ ಎಲ್ಲಿಗೆ ಹೋಗ್ತದ್ರಿ? ಮಳಿಗಾಲದಾಗ ಹಳ್ಳ ಬರ್ತದೇನ್ರಿ?" ಈ ಎರಡು ಪ್ರಶ್ನೆಗೆ ಸಿಗುವ ಉತ್ತರ ಯಾವ ಆ್ಯಪಿನಲ್ಲೂ ಇಲ್ಲ. ನಾಯಿ ಎಲ್ಲಿದೆ, ಯಾವ ತೋಟದ ಮುಳ್ಳುಬೇಲಿ ದಾರಿಗೆ ಬಂದಿದೆ, ಎಲ್ಲ ಅವರೇ ಹೇಳುತ್ತಾರೆ.

ಮಣ್ಣನ್ನು ತಿಳಿದುಕೊಳ್ಳಿ

ನಮ್ಮಲ್ಲಿ ಓಟ ಚೆನ್ನಾಗುವುದು ಕೆಡುವುದು ಎರಡೂ ಮಣ್ಣಿನಿಂದ. ಗದಗ, ಅಣ್ಣಿಗೇರಿ, ನವಲಗುಂದ, ಕುಂದಗೋಳದ ಕಡೆ ಎರೆ ಮಣ್ಣು. ಒಣಗಿದಾಗ ಹೊಲದ ದಾರಿ ಗಟ್ಟಿಯಾಗಿ, ಒಳ್ಳೆ ಟ್ರ್ಯಾಕಿನ ಹಾಗೆ ಇರುತ್ತದೆ. ಆದರೆ ಬೇಸಿಗೆಯಲ್ಲಿ ಅದರಲ್ಲಿ ಕಾಲು ಸಿಗುವಷ್ಟು ಬಿರುಕು ಬಿಡುತ್ತದೆ. ಪಾದ ತಿರುಚಿಕೊಳ್ಳುವುದು ಅಲ್ಲೇ. ಮಳೆ ಬಿದ್ದ ಮೇಲಂತೂ ಎರಡು ಹೆಜ್ಜೆಗೆ ಬೂಟಿನಡಿ ಮಣ್ಣು ಮೆತ್ತಿಕೊಂಡು ಒಂದೊಂದು ಕಾಲು ಒಂದೊಂದು ಸೇರು ಭಾರವಾಗುತ್ತದೆ. ಜಾರುವುದೂ ಹೌದು. ದೊಡ್ಡ ಮಳೆಯ ನಂತರ ಎರಡು ಮೂರು ದಿನ ಎರೆ ಹೊಲದ ದಾರಿಗೆ ಹೋಗಲೇಬೇಡಿ. ನಿಮಗೂ ಕಷ್ಟ, ಹಸಿ ದಾರಿ ತುಳಿದು ಕೆಡಿಸಿದರೆ ರೈತರಿಗೂ ಕಷ್ಟ.

ಮಸಾರಿ ಅಂದರೆ ಕೆಂಪು ಮಣ್ಣು ಬೇರೆ. ನೀರು ಬೇಗ ಇಂಗುತ್ತದೆ. ಡಂಬಳದ ಕಡೆ, ಗುಡ್ಡದ ಬುಡಗಳಲ್ಲಿ, ಧಾರವಾಡದ ಪಶ್ಚಿಮಕ್ಕೆ ಇದು ಸಿಗುತ್ತದೆ. ಮಳೆಗಾಲದಲ್ಲಿ ಓಡಲೇಬೇಕು ಅಂದರೆ ಮಸಾರಿ ಸೀಮೆ ಆರಿಸಿ.

ಇನ್ನು ಜಾಲಿ ಮುಳ್ಳು. ಬದುವಿನ ಜಾಲಿ ಮರದ ಟೊಂಗೆ ಕಡಿದು ಬೇಲಿಗೆ ಹಾಕುತ್ತಾರೆ, ದಾರಿಯಲ್ಲಿ ಮುಳ್ಳು ಉದುರಿರುತ್ತದೆ. ಮೆತ್ತನೆಯ ತೆಳು ಅಟ್ಟೆಯ ಓಟದ ಬೂಟನ್ನು ಅದು ಸೀದಾ ಚುಚ್ಚಿ ಒಳಗೆ ಬರುತ್ತದೆ. ಗಟ್ಟಿ ಅಟ್ಟೆಯ ಬೂಟು ಬೇಕು. ಕಚ್ಚಾ ದಾರಿಗೆಂದೇ ಮಾಡಿದ ಟ್ರೇಲ್ ಬೂಟೇ ಆಗಬೇಕು ಅಂತಿಲ್ಲ. ಕುಸುಬೆ ಹೊಲದ ಪಕ್ಕ ಓಡುವುದಾದರೆ ಉದ್ದನೆಯ ಕಾಲುಚೀಲ ಹಾಕಿ. ಬೆಳೆದ ಕುಸುಬೆಯ ಎಲೆ ಅಂಚು ಮುಳ್ಳು, ಕಾಲು ಗೀರಿ ಉರಿ ಬರುತ್ತದೆ.

ಯಾವ ತಿಂಗಳು, ಎಷ್ಟು ಹೊತ್ತಿಗೆ

ನವೆಂಬರಿನಿಂದ ಫೆಬ್ರವರಿ ಮೊದಲ ವಾರದ ತನಕ ನಮ್ಮ ಸೀಮೆ ಓಡಲೆಂದೇ ಇರುವ ಹಾಗಿರುತ್ತದೆ. ಹಿಂಗಾರಿ ಜೋಳ ಆಳೆತ್ತರ ನಿಂತಿರುತ್ತದೆ. ಕಡಲೆ, ಗೋಧಿ, ಸೂರ್ಯಕಾಂತಿ ಎಲ್ಲ ಇರುತ್ತದೆ. ಎಳ್ಳ ಅಮಾವಾಸ್ಯೆ ಹೊತ್ತಿಗೆ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಭೂಮಿತಾಯಿಗೆ ಎಡೆ ಕೊಡಲು, ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಆ ದಿನ ಓಡಿದರೆ ಊಟಕ್ಕೆ ಕರೆಯದೆ ಬಿಡುವವರು ಕಡಿಮೆ.

ಚಳಿಗಾಲದಲ್ಲಿ ಸೂರ್ಯ ಹುಟ್ಟುವುದು ಏಳರ ಹತ್ತಿರ. ಗಾಳಿ ಸಾಮಾನ್ಯವಾಗಿ ಮೂಡಲಿಂದ ಬರುತ್ತದೆ. ಹಾಗಾಗಿ ಆರೂ ಕಾಲಿಗೆ ಹೊರಟು ಮೊದಲು ಮೂಡಲಿಗೆ ಓಡಿ. ಬೆಳಗಾಗುವುದು ಕಣ್ಣೆದುರೇ ಕಾಣುತ್ತದೆ. ಬರುವಾಗ ಬಿಸಿಲೂ ಗಾಳಿಯೂ ಬೆನ್ನಿಗೆ ಇರುತ್ತವೆ. ಜೂನಿನಿಂದ ಆಗಸ್ಟ್ ತನಕ ಗಾಳಿ ಪಡುವಣದಿಂದ. ಗದಗ ಸೀಮೆಯಲ್ಲಿ ಗಾಳಿಯಂತ್ರಗಳು ಎಷ್ಟಿವೆ ನೋಡಿದ್ದೀರಲ್ಲ, ಅದು ಸುಮ್ನೆ ಅಲ್ಲ. ಆಗ ಮೊದಲು ಪಡುವಣಕ್ಕೆ ಓಡಿ, ದಣಿದ ಮೇಲೆ ಗಾಳಿ ನಿಮ್ಮನ್ನು ತಳ್ಳಿಕೊಂಡು ಬರಲಿ.

ಏಪ್ರಿಲ್, ಮೇ ತಿಂಗಳು ಗದಗಿನಲ್ಲಿ ಮಧ್ಯಾಹ್ನದ ಬಿಸಿಲು 37, 38 ಡಿಗ್ರಿ ಮುಟ್ಟುತ್ತದೆ. ಬಯಲಲ್ಲಿ ನೆರಳಿಲ್ಲ. ಎಂಟು ಗಂಟೆಯೊಳಗೆ ಮನೆ ಸೇರುವ ಹಾಗೆ ಸಣ್ಣ ಓಟ ಇಟ್ಟುಕೊಳ್ಳಿ. ಆ ತಿಂಗಳುಗಳ ಸಂಜೆ ಗುಡುಗು ಸಿಡಿಲು ಜಾಸ್ತಿ. ಮೋಡ ಕಟ್ಟಿದರೆ ಹೊಲದ ಒಂಟಿ ಮರದ ಕೆಳಗೆ ನಿಲ್ಲಬೇಡಿ, ಊರು ಸೇರಿಕೊಳ್ಳಿ.

ಲಕ್ಕುಂಡಿ: ಒಂದು ದಾರಿಯನ್ನು ಪೂರ್ತಿ ಮಾಡಿ ನೋಡೋಣ

ಹೊಸಬರಿಗೆ ನಾನು ಮೊದಲು ಹೇಳುವುದು ಲಕ್ಕುಂಡಿಯನ್ನೇ. ಗದಗಿನಿಂದ ಹನ್ನೆರಡು ಕಿಲೋಮೀಟರಿನ ಒಳಗೆ, ಕೊಪ್ಪಳದ ರಸ್ತೆಯಲ್ಲಿದೆ. ಗದಗಿನಿಂದಲೇ ಓಡಿ ಹೋಗೋಣ ಅನಿಸುತ್ತದೆ. ಬೇಡ. ಅದು ರಾಷ್ಟ್ರೀಯ ಹೆದ್ದಾರಿ, ಲಾರಿಗಳ ಓಡಾಟ ನಿಲ್ಲುವುದಿಲ್ಲ. ಬಸ್ಸಿನಲ್ಲೋ ಬೈಕಿನಲ್ಲೋ ಲಕ್ಕುಂಡಿಗೆ ಹೋಗಿ, ಅಲ್ಲಿಂದ ಓಟ ಶುರು ಮಾಡಿ.

ದಾರಿಯನ್ನು 8ರ ಆಕಾರದಲ್ಲಿ ಮಾಡಿಕೊಳ್ಳಿ. ನಡುವಿನ ಗಂಟು ಊರು. ಒಂದು ಸುತ್ತು ಊರಿನ ಒಂದು ಬದಿಯ ಹೊಲಗಳಲ್ಲಿ, ನಾಲ್ಕೈದು ಕಿಲೋಮೀಟರ್. ತಿರುಗಿ ಊರಿಗೆ ಬಂದು ಗುಡಿಗಳನ್ನು ನಡೆದು ನೋಡುವುದು. ಆಮೇಲೆ ಇನ್ನೊಂದು ಬದಿಗೆ ಎರಡನೆಯ ಸುತ್ತು. ಹೀಗೆ ಮಾಡಿದರೆ ಗುಡಿ ಓಟದ ನಡುವೆಯೇ ಬರುತ್ತದೆ. ನೀರು, ತಿಂಡಿ, ಬೈಕ್ ಎಲ್ಲ ನಡುವೆಯೇ ಇರುತ್ತವೆ. ಯಾರಿಗಾದರೂ ಸುಸ್ತಾದರೆ ಒಂದೇ ಸುತ್ತಿಗೆ ನಿಲ್ಲಿಸಬಹುದು. ನಾಲ್ಕು ಜನ ಬೇರೆ ಬೇರೆ ವೇಗದವರು ಕೂಡಿ ಹೋದಾಗ ಇದಕ್ಕಿಂತ ಒಳ್ಳೆಯ ಆಕಾರ ನಾನು ಕಂಡಿಲ್ಲ. ಎರಡು ಸುತ್ತನ್ನೂ ಹೆದ್ದಾರಿ ದಾಟದ ಹಾಗೆ ಹಾಕಿಕೊಳ್ಳಿ.

ಊರಿನೊಳಗೆ ಓಡಬೇಡಿ, ನಡೆಯಿರಿ. ಓಣಿ ಸಣ್ಣವು. ಬಾಗಿಲ ಮುಂದೆ ಕಸ ಹೊಡೆಯುತ್ತಿರುತ್ತಾರೆ, ಮಕ್ಕಳು ಇರುತ್ತಾರೆ. ಕಾಲಿಗೂ ನಡಿಗೆ ಒಳ್ಳೆಯದು, ಒಮ್ಮೆಲೇ ನಿಂತರೆ ಸ್ನಾಯು ಬಿಗಿಯುತ್ತದೆ.

ಬ್ರಹ್ಮಜಿನಾಲಯದಿಂದ ಶುರು ಮಾಡಿ. ದಾನಚಿಂತಾಮಣಿ ಅತ್ತಿಮಬ್ಬೆ 1007ರ ಸುಮಾರಿಗೆ ಕಟ್ಟಿಸಿದ ಬಸದಿ ಇದು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದ ತಾಯಿ ಅವಳೇ. ಅಚ್ಚಿನ ಯಂತ್ರ ಇಲ್ಲದ ಕಾಲದಲ್ಲಿ, ಒಂದೊಂದು ಓಲೆಯನ್ನೂ ಕೈಯಿಂದ ಬರೆಸಿ. ಒಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ, ತಪ್ಪದೆ ನೋಡಿ. ಪಕ್ಕದಲ್ಲೇ ಶಿಲ್ಪಗಳ ಸಂಗ್ರಹಾಲಯವಿದೆ, ಆದರೆ ಓಟದ ಹೊತ್ತಿಗೆ ಅದು ತೆರೆದಿರುವುದಿಲ್ಲ.

ಅಲ್ಲಿಂದ ಕಾಶಿವಿಶ್ವನಾಥ ಗುಡಿಗೆ. ಶಿವನ ಗುಡಿಗೆ ಎದುರಾಗಿ ಸೂರ್ಯನ ಸಣ್ಣ ಗುಡಿ. ಬಾಗಿಲವಾಡದ ಕೆತ್ತನೆ ನೋಡಲು ಬೆಳಗಿನ ಓರೆ ಬಿಸಿಲೇ ಬೇಕು. ಮಧ್ಯಾಹ್ನ ಬಂದವರಿಗೆ ಅದೇ ಕಲ್ಲು ಚಪ್ಪಟೆ ಕಾಣುತ್ತದೆ. ಈ ಕಲ್ಲು ಬಳಪದ ಜಾತಿಯದು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಅದಕ್ಕೇ ಅಷ್ಟು ನವಿರಾದ ಕೆಲಸ ಸಾಧ್ಯವಾಯಿತು. ಪಕ್ಕದ ನನ್ನೇಶ್ವರ ಗುಡಿ ಸಣ್ಣದು, ಐದು ನಿಮಿಷ ಸಾಕು.

ಕೊನೆಗೆ ಮಾಣಿಕೇಶ್ವರ ಗುಡಿ ಮತ್ತು ಮುಸುಕಿನ ಬಾವಿ. ನನಗೆ ಲಕ್ಕುಂಡಿಯಲ್ಲಿ ಇದರಷ್ಟು ಪ್ರೀತಿಯ ಜಾಗ ಇನ್ನೊಂದಿಲ್ಲ. ಮೂರು ಕಡೆಯಿಂದ ಮೆಟ್ಟಿಲು ಇಳಿಯುತ್ತವೆ. ಗೋಡೆಯ ಗೂಡುಗಳೇ ಪುಟ್ಟ ಪುಟ್ಟ ಗುಡಿಗಳು. ಬೆವರಿದ ಮೈಗೆ ಬಾವಿಯ ತಂಪು ಮೇಲೇರಿ ಬಂದು ತಾಕುತ್ತದೆ. ನೂರೊಂದು ಗುಡಿ, ನೂರೊಂದು ಬಾವಿ ಅಂತ ಊರವರು ಹೇಳುತ್ತಾರೆ. ಲೆಕ್ಕ ಎಷ್ಟಾದರೂ ಇರಲಿ, ಬಯಲುಸೀಮೆಯಲ್ಲಿ ನೀರನ್ನು ಇಷ್ಟು ಮರ್ಯಾದೆಯಿಂದ ನಡೆಸಿಕೊಂಡ ಜನ ಇದ್ದರು ಅನ್ನುವುದು ಆ ಮೆಟ್ಟಿಲ ಮೇಲೆ ನಿಂತರೆ ತಿಳಿಯುತ್ತದೆ. ಒದ್ದೆ ಮೆಟ್ಟಿಲು ಜಾರುತ್ತವೆ, ಓಡಿದ ಕಾಲು ನಡುಗುತ್ತಿರುತ್ತದೆ. ಕೆಳಗೆ ಇಳಿಯಬೇಡಿ.

ಬೇರೆ ದಾರಿಗಳು

ಡಂಬಳ ಗದಗಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ದೊಡ್ಡಬಸಪ್ಪ ಗುಡಿಯ ತಳ 24 ಮೂಲೆಯ ನಕ್ಷತ್ರ. ಗೋಡೆ ಸುತ್ತ ಒಂದು ಪ್ರದಕ್ಷಿಣೆ ನಡೆದರೆ ಮೂಲೆಗಳು ಹೇಗೆ ತಿರುಗುತ್ತ ಹೋಗುತ್ತವೆ ಅಂತ ಕಾಣುತ್ತದೆ, ಎಣಿಸಲು ಹೋದರೆ ತಪ್ಪುತ್ತದೆ. ಊರಿನ ಕೆರೆ ದೊಡ್ಡದು. ಕೆರೆ ಕಡೆಗೂ ಗುಡ್ಡದ ಕಡೆಗೂ ಒಳ್ಳೆಯ ಹಳ್ಳಿ ರಸ್ತೆಗಳಿವೆ. ಕಪ್ಪತಗುಡ್ಡ 2019ರಲ್ಲಿ ವನ್ಯಜೀವಿ ಧಾಮವಾಗಿದೆ. ಚಿರತೆ, ತೋಳ, ಕತ್ತೆಕಿರುಬ ಇರುವ ಕಾಡು. ಗುಡ್ಡದೊಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯನ್ನು ಕೇಳಿಯೇ ಹೋಗಿ. ಓಟಕ್ಕೆ ಬುಡದ ರಸ್ತೆಗಳೇ ಸಾಕು.

ಅಣ್ಣಿಗೇರಿಗೆ ರೈಲಿನಲ್ಲಿ ಹೋಗಬಹುದು, ಹುಬ್ಬಳ್ಳಿ–ಗದಗ ಮಾರ್ಗದಲ್ಲಿ ನಿಲ್ದಾಣವಿದೆ. ಅಮೃತೇಶ್ವರ ಗುಡಿ ಸುಮಾರು 1050ರದ್ದು, 76 ಕಂಬ. ಆದಿಕವಿ ಪಂಪ ಹುಟ್ಟಿದ ಊರು ಅಂತ ಹೆಸರಾಗಿದೆ. ಸುತ್ತ ಪೂರ್ತಿ ಎರೆ ಬಯಲು. ಸಪಾಟ ನೆಲದಲ್ಲಿ ಒಂದೇ ವೇಗದಲ್ಲಿ ಉದ್ದಕ್ಕೆ ಓಡುವ ಅಭ್ಯಾಸಕ್ಕೆ ಇದು ಸರಿ. ಏರಿಳಿತ ಬೇಕು ಅನ್ನುವವರಿಗೆ ಬೇಸರವಾದೀತು.

ಏರಿಳಿತಕ್ಕೆ ಧಾರವಾಡ. ಈ ಊರು ನೀರು ಎರಡಾಗುವ ದಿಬ್ಬದ ಮೇಲಿದೆ. ಒಂದು ಬದಿಗೆ ಬಿದ್ದ ಮಳೆ ಪಡುವಣ ಕಡಲಿಗೆ, ಇನ್ನೊಂದು ಬದಿಯದು ಮಲಪ್ರಭೆ, ಕೃಷ್ಣೆ ಸೇರಿ ಬಂಗಾಳ ಕೊಲ್ಲಿಗೆ. ಕಲಘಟಗಿ ರಸ್ತೆಯ ಕಡೆ ಸೋಮೇಶ್ವರ ಗುಡಿ ಇದೆ, ಶಾಲ್ಮಲೆ ಹುಟ್ಟುವ ಜಾಗ. ಅದೇ ದಿಕ್ಕಿನಲ್ಲಿ ಮುಂದೆ ನುಗ್ಗಿಕೇರಿಯ ಕೆರೆ ಮತ್ತು ಹನುಮಪ್ಪನ ಗುಡಿ. ಊರೊಳಗಿನಿಂದ ಓಡಿ ಹೋಗಿ ಬರಲು ಆಗುವಷ್ಟೇ ದೂರ. ಶನಿವಾರ ಮಾತ್ರ ಬೇಡ, ನುಗ್ಗಿಕೇರಿಗೆ ಜನ ಮುಗಿಬಿದ್ದಿರುತ್ತಾರೆ.

ಹುಬ್ಬಳ್ಳಿಯಲ್ಲಿ ಇದ್ದೂ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ನೋಡದವರು ಬಹಳ ಜನ. ಕೆರೆಯ ದಂಡೆಗೆ ದಿನಾ ಬರುತ್ತಾರೆ, ಹತ್ತಿರದ ಓಣಿಗೆ ಬರುವುದಿಲ್ಲ. ಮನೆಗಳ ನಡುವೆ ನಾಲ್ಕು ದಿಕ್ಕಿಗೆ ಬಾಗಿಲಿರುವ ಚಾಲುಕ್ಯರ ಗುಡಿ, ಒಳಗೆ ನಾಲ್ಕು ಮುಖದ ಲಿಂಗ. ಕೆರೆಯಿಂದ ಶುರು ಮಾಡಿ, ಗುಡಿ ನೋಡಿ, ನೃಪತುಂಗ ಬೆಟ್ಟ ಹತ್ತಿ ಇಳಿಯಿರಿ. ಹೊರಗೆ ಹೋಗಲು ಹೊತ್ತಿಲ್ಲದ ದಿನಕ್ಕೆ ಇದು ಆಗುತ್ತದೆ.

ಹಾವೇರಿ ಊರಿನ ಸಿದ್ಧೇಶ್ವರ ಗುಡಿಯ ಮುಖ ಪಶ್ಚಿಮಕ್ಕೆ. ಅದಕ್ಕೆ ಸಂಜೆಯ ಓಟ ಚೆಂದ. ಬಂಕಾಪುರಕ್ಕೆ ಮಾತ್ರ ಬೆಳಿಗ್ಗೆಯೇ ಹೋಗಬೇಕು. ಹಳೆಯ ಕೋಟೆಯ 139 ಎಕರೆ ನೆಲವನ್ನು 2006ರಲ್ಲಿ ನವಿಲು ಧಾಮ ಮಾಡಿದ್ದಾರೆ. ಒಳಗೆ ನಗರೇಶ್ವರ ಗುಡಿ, ಜನ ಅದಕ್ಕೆ ಅರವತ್ತು ಕಂಬದ ಗುಡಿ ಅನ್ನುತ್ತಾರೆ. ಓಟವನ್ನೆಲ್ಲ ಕೋಟೆಯ ಹೊರಗಿನ ಹಳ್ಳಿ ರಸ್ತೆಗಳಲ್ಲಿ ಮುಗಿಸಿ. ಕೋಟೆಯೊಳಗೆ ಸದ್ದಿಲ್ಲದೆ ನಡೆಯಿರಿ. ಓಡಿದರೆ ನವಿಲು ಬೆದರಿ ಹಾರುತ್ತವೆ, ಅವುಗಳ ಮೇವಿನ ಹೊತ್ತು ಅದು.

ಹಾವೇರಿ ಜಿಲ್ಲೆಯಲ್ಲಿ ನನ್ನ ಮೆಚ್ಚಿನದು ಗಳಗನಾಥ. ವರದೆ ಬಂದು ತುಂಗಭದ್ರೆಯನ್ನು ಸೇರುವ ಸೀಮೆ. ಹೊಳೆ ದಂಡೆಯ ಮೇಲೆ ಗಳಗೇಶ್ವರ ಗುಡಿ. ಗೋಡೆಯ ಬುಡಕ್ಕೆ ಸುತ್ತಲೂ ಕಲ್ಲಿನ ಇಳಿಜಾರು ಒತ್ತು ಕಟ್ಟಿದ್ದಾರೆ, ಪಿರಮಿಡ್ಡಿನ ಬುಡದ ಹಾಗೆ. ಇಂಥ ಆಕಾರ ಬೇರೆಲ್ಲೂ ನಾನು ನೋಡಿಲ್ಲ. ಡಿಸೆಂಬರಿನಲ್ಲಿ ಹೋಗಿ. ಮಳೆಗಾಲದಲ್ಲಿ ಹೊಳೆ ದಂಡೆಯ ದಾರಿ ನಂಬುವ ಹಾಗಿಲ್ಲ.

ನಾಯಿ, ಹಾವು, ಲಾರಿ

ನಾಯಿ ಬೆನ್ನಟ್ಟಿದರೆ ಓಡಬೇಡಿ. ನಿಲ್ಲಿ. ಅದರ ಕಡೆ ಓರೆಯಾಗಿ ತಿರುಗಿ, ನಿಧಾನ ನಡೆಯಿರಿ. ಕಲ್ಲು ಎತ್ತುವ ಹಾಗೆ ಬಗ್ಗಿದರೆ ಹೆಚ್ಚಿನವು ಹಿಂದೆ ಸರಿಯುತ್ತವೆ. ಚಳಿಗಾಲದಲ್ಲಿ ಹೊಲಗಳಲ್ಲಿ ಕುರಿ ತರುಬಿರುತ್ತಾರೆ. ಕುರಿ ಕಾಯುವ ನಾಯಿಗಳು ಕಲ್ಲಿಗೂ ಹೆದರುವುದಿಲ್ಲ, ಹಿಂಡು ಕಾಯುವುದೇ ಅವುಗಳ ಕೆಲಸ. ದೂರದಿಂದಲೇ ನಿಂತು ಕುರುಬಣ್ಣನನ್ನು ಕೂಗಿ, ಅವರು ಗದರಿಸಿದ ಮೇಲೆ ಸುತ್ತು ಹಾಕಿ ಹೋಗಿ. ಕಚ್ಚಿದರೆ ಗಾಯವನ್ನು ಹರಿಯುವ ನೀರು ಮತ್ತು ಸಾಬೂನಿನಿಂದ ಹದಿನೈದು ನಿಮಿಷ ತೊಳೆದು, ಅದೇ ದಿನ ಇಂಜೆಕ್ಷನ್ ಮಾಡಿಸಿ.

ಕತ್ತಲಲ್ಲಿ ಹೊಲದ ದಾರಿಗೆ ಇಳಿಯಬೇಡಿ. ಕೊಳಕು ಮಂಡಲ ದಾರಿಯ ಕಸದ ಮೇಲೆ ಬಿದ್ದಿದ್ದರೆ ಬ್ಯಾಟರಿ ಬೆಳಕಿಗೂ ಗುರುತು ಸಿಗುವುದಿಲ್ಲ. ನೆಲ ಕಾಣುವಷ್ಟು ಬೆಳಕಾಗುವ ತನಕ ಊರ ಡಾಂಬರಿನ ಮೇಲೆ ಮೈ ಬಿಸಿ ಮಾಡಿಕೊಳ್ಳಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಾಲು ಅಲುಗಿಸದೆ ಕೂತು 108ಕ್ಕೆ ಫೋನ್ ಮಾಡಿ, ಆಸ್ಪತ್ರೆಗೇ ಹೋಗಿ.

ಡಾಂಬರು ರಸ್ತೆಯಲ್ಲಿ ಬಲಬದಿಗೆ, ಎದುರು ಬರುವ ಗಾಡಿ ಕಾಣುವ ಹಾಗೆ ಓಡಿ. ಕಿವಿಗೆ ಏನೂ ಹಾಕಿಕೊಳ್ಳಬೇಡಿ. ಸುಗ್ಗಿಯಲ್ಲಿ ರೈತರು ರಸ್ತೆಯ ಮೇಲೆ ಬೆಳೆ ಹಾಸಿರುತ್ತಾರೆ. ಅದರ ಮೇಲೆ ಕಾಲಿಟ್ಟರೆ ಜಾರುತ್ತದೆ, ಕಾಳೂ ಹಾಳು. ಪಕ್ಕದಿಂದ ನಡೆದು ಹೋಗಿ. ಮೆಣಸಿನಕಾಯಿ, ಹತ್ತಿ ಹೊಲಕ್ಕೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುತ್ತಿದ್ದರೆ ಆ ಗಾಳಿಯಲ್ಲಿ ಉಸಿರು ಎಳೆಯುತ್ತ ಓಡಬೇಡಿ, ತಿರುಗಿ ಬೇರೆ ದಾರಿ ಹಿಡಿಯಿರಿ.

ಒಬ್ಬರೇ ಹೋಗುವುದಾದರೆ ಮನೆಯಲ್ಲಿ ಊರಿನ ಹೆಸರು, ತಿರುಗಿ ಬರುವ ಹೊತ್ತು ಹೇಳಿ ಹೋಗಿ, ಮೊಬೈಲಿನಲ್ಲಿ ಲೊಕೇಶನ್ ಹಂಚಿ. ಹೊಸ ದಾರಿಗೆ ಹೆಣ್ಣುಮಕ್ಕಳು ಇಬ್ಬರು ಮೂವರು ಕೂಡಿ ಹೋಗುವುದು ಒಳ್ಳೆಯದು ಅಂತ ನಮ್ಮ ಜೊತೆ ಓಡುವ ಅಕ್ಕಂದಿರೇ ಹೇಳುತ್ತಾರೆ. ಒಂದೇ ದಾರಿಯಲ್ಲಿ ನಾಲ್ಕು ಸಲ ಓಡಿದರೆ ಊರಿನ ಜನ ಗುರುತು ಹಿಡಿಯುತ್ತಾರೆ, ಆಗ ದಾರಿ ತಾನಾಗೇ ಸುರಕ್ಷಿತವಾಗುತ್ತದೆ.

ನೀರು ಮತ್ತು ತಿನಿಸು

ಒಂದು ಗಂಟೆಗಿಂತ ಜಾಸ್ತಿ ಓಡುವುದಾದರೆ ಅರ್ಧ ಲೀಟರ್ ನೀರಾದರೂ ಜೊತೆಗಿರಲಿ, ಬೇಸಿಗೆಯಲ್ಲಿ ಅದರ ಎರಡು ಪಟ್ಟು. ಹಳ್ಳಿಗಳಲ್ಲಿ ಈಗ ಶುದ್ಧ ನೀರಿನ ಘಟಕಗಳಿವೆ, ಕಾಯಿನ್ ಹಾಕಿದರೆ ಕೊಡ ತುಂಬುತ್ತದೆ. ನಿಮಗೆ ಕೊಡದಷ್ಟು ಬೇಕಿಲ್ಲ. ಅಲ್ಲಿ ನೀರು ಹಿಡಿಯುವವರನ್ನು ಕೇಳಿ, ಬಾಟಲಿ ತುಂಬಿಸಿ ಕೊಡುತ್ತಾರೆ. ಬೆವರು ಜಾಸ್ತಿ ಹೋಗುವವರು ಓಆರ್‌ಎಸ್ ಪುಡಿ ಇಟ್ಟುಕೊಳ್ಳಿ, ದೊಡ್ಡ ಪೊಟ್ಟಣ ಪೂರ್ತಿ ಒಂದು ಲೀಟರಿಗೆ. ತಿನ್ನಲು ಶೇಂಗಾ ಉಂಡೆ, ಬಾಳೆಹಣ್ಣು ಸಾಕು. ಓಟಗಾರರು ತಿನ್ನುವ ಪ್ಲಾಸ್ಟಿಕ್ ಪೊಟ್ಟಣದ ಜೆಲ್ ನಮ್ಮ ಸೀಮೆಗೆ ಬೇಕಾಗಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಗುಡಿಯಲ್ಲಿ, ಹೊಲದಲ್ಲಿ

ಬೂಟು ಹೊರಗೆ ಬಿಡಿ. ಬೆವರಿನ ಕೈಯಿಂದ ಕೆತ್ತನೆ ಮುಟ್ಟಬೇಡಿ. ಕಟ್ಟೆ, ಕಂಬ ಹಿಡಿದು ಕಾಲು ಎಳೆದು ವ್ಯಾಯಾಮ ಮಾಡುವವರನ್ನು ನೋಡಿದ್ದೇನೆ, ಅದು ಗೇಟಿನ ಹೊರಗೆ ಆಗಲಿ. ಪೂಜೆ ನಡೆಯುವ ಗುಡಿಗೆ ಅರ್ಧ ಚಡ್ಡಿಯಲ್ಲಿ ಹೋಗಲು ಸಂಕೋಚವಾದರೆ ಸೊಂಟಕ್ಕೆ ಒಂದು ತೆಳು ಟವೆಲ್ ಸುತ್ತಿಕೊಂಡು ಓಡಿ, ಬೆವರಿಗೂ ಬರುತ್ತದೆ. ಪುರಾತತ್ವ ಇಲಾಖೆಯ ಸ್ಮಾರಕಗಳ ಗೇಟು ಬೆಳಗಾಗುವ ಮೊದಲು ತೆಗೆಯುವುದಿಲ್ಲ. ನಿಮ್ಮ ಮೊದಲ ಸುತ್ತು ಮುಗಿಯುವ ಹೊತ್ತು, ಗೇಟು ತೆಗೆಯುವ ಹೊತ್ತು ಒಂದೇ ಆಗುವ ಹಾಗೆ ಹೊರಡಿ.

ಚಕ್ಕಡಿ ದಾರಿ ಎಲ್ಲರದ್ದು, ಬದು ಹೊಲದವರದ್ದು. ದಾರಿ ಮುಗಿದ ಕಡೆ ಬೆಳೆಯೊಳಗೆ ನುಗ್ಗಬೇಡಿ. ಯಾರಾದರೂ ಮಾತಾಡಿಸಿದರೆ ಗಡಿಯಾರ ನಿಲ್ಲಿಸಿ ಮಾತಾಡಿ. "ಯಾಕಪಾ ತಮ್ಮಾ, ಯಾರರ ಬೆನ್ನ ಹತ್ತ್ಯಾರೇನು?" ಅಂತ ಅಜ್ಜ ಒಬ್ಬರು ಕೇಳಿದ್ದರು. ನಿಂತು ಉತ್ತರ ಹೇಳಿದೆ. ಅವರು ತಮ್ಮ ಹೊಲದ ಬದುವಿನಲ್ಲಿದ್ದ ಒಂದು ವೀರಗಲ್ಲು ತೋರಿಸಿದರು. ಅರ್ಧ ಮಣ್ಣಲ್ಲಿ ಹೂತ ಕಲ್ಲು, ಮೇಲೆ ಅರಿಸಿನ ಕುಂಕುಮ. ಯಾವ ನಕ್ಷೆಯಲ್ಲೂ ಅದು ಇಲ್ಲ. ಈಗ ನನ್ನ ಒಂದು ದಾರಿ ಅಲ್ಲಿಂದಲೇ ತಿರುಗುತ್ತದೆ.

ದೂರ ಹೆಚ್ಚಿಸುವುದು, ದಾರಿ ಕಾಪಾಡುವುದು

ಮೊದಲ ತಿಂಗಳು ಒಂದು ಓಟಕ್ಕೆ, ಹೋಗಿ ಬರುವುದು ಸೇರಿ, ಐದಾರು ಕಿಲೋಮೀಟರ್ ಸಾಕು. ಆಮೇಲೆ ವಾರಕ್ಕೆ ಒಂದು ಕಿಲೋಮೀಟರಿಗಿಂತ ಜಾಸ್ತಿ ಹೆಚ್ಚಿಸಬೇಡಿ. ನಾಲ್ಕನೆಯ ವಾರ ಕಡಿಮೆ ಮಾಡಿ. ವಾರದ ನಡುವೆ ಊರಿನಲ್ಲೇ ಸಣ್ಣ ಓಟ, ಭಾನುವಾರ ಹಳ್ಳಿ ದಾರಿ. ಉಬ್ಬು ತಗ್ಗಿನ ದಾರಿಗೆ ಹಿಮ್ಮಡಿ ಗಟ್ಟಿಯಾಗಬೇಕು. ಮೆಟ್ಟಿಲ ಅಂಚಿನ ಮೇಲೆ ನಿಂತು ಹಿಮ್ಮಡಿ ಎತ್ತಿ ಇಳಿಸುವುದನ್ನು ದಿನಾ ಮಾಡಿ.

ಚೆನ್ನಾಗಿ ಕೂಡಿ ಬಂದ ದಾರಿಯನ್ನು ಆ್ಯಪಿನಲ್ಲಿ ಉಳಿಸಿ, ಗೆಳೆಯರಿಗೆ ಆ ದಾರಿಯ ಗೆರೆ ಇರುವ ಜಿಪಿಎಕ್ಸ್ ಫೈಲ್ ಕಳಿಸಿ. ಜೊತೆಗೆ ಎರಡು ಸಾಲು ಬರೆದಿಡಿ: ಹಳ್ಳ ಎಲ್ಲಿ, ನಾಯಿ ಎಲ್ಲಿ, ನೀರು ಎಲ್ಲಿ, ಯಾವ ತಿಂಗಳಿಗೆ ಸರಿ. ಮುಂಗಾರು ಮುಗಿದ ಮೇಲೆ ಪ್ರತಿ ವರ್ಷ ಹಳೆಯ ದಾರಿಗೂ ಮತ್ತೊಮ್ಮೆ ಬೈಕಿನಲ್ಲಿ ಹೋಗಿ ಬನ್ನಿ. ಮಳೆಗೆ ದಾರಿ ಕೊಚ್ಚಿರುತ್ತದೆ, ಹೊಸ ಬೇಲಿ ಬಿದ್ದಿರುತ್ತದೆ, ಕೆಲವು ಕಡೆ ಹಳ್ಳಕ್ಕೆ ಸೇತುವೆಯೂ ಆಗಿರುತ್ತದೆ.